ಅವ್ವ ಹೋದ ಮೇಲೆ ಅಕ್ಕನಿಗೆ ತವರು ಉಳಿಸುವುದು ಹೇಗೆ?

ಎರೆಹೊಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತವರಿನ ವಿಷಯ ಒಂದು ಕೇಳಬೇಕಿತ್ತು. ಇಲ್ಲಿ ಅಣ್ಣತಮ್ಮಂದಿರೂ ಇದ್ದೀರಿ, ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳೂ ಇದ್ದೀರಿ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ನಮ್ಮೂರು ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿದೆ. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ಹೊಲ ಲಾವಣಿಗೆ, ಅಂದರೆ ಗೇಣಿಗೆ ಕೊಟ್ಟಿದ್ದೇವೆ. ನಾವು ಇಬ್ಬರೇ ಮಕ್ಕಳು, ಅಕ್ಕ ಮತ್ತು ನಾನು. ಅಕ್ಕನನ್ನು 1996ರಲ್ಲಿ ನವಲಗುಂದದ ಕಡೆ ಕೊಟ್ಟರು. ಅಪ್ಪ 1999ರಲ್ಲಿ ತೀರಿಕೊಂಡರು. ಹೋದ ವರ್ಷ ಕಾರಹುಣ್ಣಿಮೆಯ ಹಿಂದೆಮುಂದೆ ಅವ್ವನೂ ಹೋದಳು. ವರ್ಷ ತುಂಬದ ಮನೆ ಅಂತ ಆ ಸಲ ಪಂಚಮಿ ಮಾಡಲಿಲ್ಲ. ಊರಿನ ಮನೆಗೆ ಈಗ ಬೀಗ. ಈ ಸಲ ಹಬ್ಬ ಮಾಡಬೇಕು. ಅವ್ವ ಇಲ್ಲದೆ ಅಕ್ಕನನ್ನು ಕರೆಯಬೇಕಾದ ಮೊದಲ ಪಂಚಮಿ ಇದು.

ದಕ್ಷಿಣದ ಕಡೆಯವರಿಗೆ ನಮ್ಮ ಪಂಚಮಿ ಎಂಥದ್ದು ಅಂತ ಸ್ವಲ್ಪ ಹೇಳಬೇಕು. ನಿಮಗೆ ಗೌರಿ ಹಬ್ಬ ಹೇಗೋ ನಮ್ಮ ಹೆಣ್ಣುಮಕ್ಕಳಿಗೆ ಪಂಚಮಿ ಹಾಗೆ. ಶ್ರಾವಣ ಶುದ್ಧ ತದಿಗೆಗೆ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಟಕ್ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಎಲ್ಲ ಮಾಡಿ ಓಣಿಯ ಮನೆಮನೆಗೂ ಹಂಚುತ್ತೇವೆ. ಮರುದಿನ ನಾಗಚೌತಿ, ನಾಗಪ್ಪನಿಗೆ ಹಾಲು ಎರೆಯುವ ದಿನ. ಅದರ ಮರುದಿನ ಪಂಚಮಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು, ಜೋಳದ ಅಳ್ಳು. ಬೇವಿನ ಮರಕ್ಕೆ ಜೋಕಾಲಿ. ಮದುವೆಯಾದ ಹೆಣ್ಣುಮಕ್ಕಳನ್ನು ತವರಿನಿಂದ ಯಾರಾದರೂ ಹೋಗಿ ಕರೆತರಲೇಬೇಕು. ತಮ್ಮನೋ ಅಣ್ಣನೋ ಬರುತ್ತಾನೆ ಅಂತ ಅವರು ಆಷಾಢದಿಂದಲೇ ದಾರಿ ನೋಡುತ್ತಾರೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ಕಸ ತೆಗೆಯಲು ಹೊಲಕ್ಕೆ ಹೋದರೆ ನನ್ನನ್ನು ನೋಡುವವಳು ಅಕ್ಕನೇ. ಸಾಲಿಗೂ ನನ್ನನ್ನು ಟೊಂಕದ ಮೇಲೆ ಹೊತ್ತುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಂಡು ಮಗ್ಗಿ ಕಲಿತವಳು. ನನಗೆ ಒಮ್ಮೆ ಕಾಮಾಲೆ ಆಗಿ ಬದುಕುತ್ತೇನೋ ಇಲ್ಲವೋ ಅನ್ನುವ ಹಾಗಿತ್ತಂತೆ. ಆ ವರ್ಷದ ಚೌತಿಗೆ ಅಕ್ಕ ನಾಗಪ್ಪನ ಕಲ್ಲಿಗೆ ಹಾಲು ಎರೆಯುವಾಗ ಒಂದು ರೂಢಿ ಶುರು ಮಾಡಿದಳು. ನಮ್ಮಲ್ಲಿ ಹಾಲು ಎರೆಯುವಾಗ ಮನೆಯವರ ಹೆಸರು ಹೇಳಿ ಎರೆಯುತ್ತಾರೆ. ಅಪ್ಪನ ಪಾಲು, ಅವ್ವನ ಪಾಲು, ಅಜ್ಜನ ಪಾಲು, ಹೀಗೆ. ಕೊಬ್ಬರಿ ಬಟ್ಟಲಲ್ಲಿ ಹಾಲು, ಅದರಲ್ಲಿ ಬೆಲ್ಲ. ಅಕ್ಕ ಎಲ್ಲರದೂ ಒಂದೊಂದು ಸಲ ಎರೆದು, ತಮ್ಮನ ಪಾಲು ಮಾತ್ರ ಎರಡು ಸಲ ಎರೆದಳು. ಅವತ್ತಿನಿಂದ ಅದೇ ರೂಢಿ. ಮದುವೆಯಾಗಿ, ಮಕ್ಕಳಾಗಿ, ಈಗ ಅವಳ ಮಗಳಿಗೇ ವರ ನೋಡುತ್ತಿದ್ದಾರೆ. ಆದರೂ ತಮ್ಮನ ಪಾಲು ಎರಡು ಸಲ. ಯಾರೂ ಅವಳನ್ನು ಯಾಕೆ ಅಂತ ಕೇಳುವುದಿಲ್ಲ. ನಾನೂ ಕೇಳಿಲ್ಲ.

ಹೊರಡುವ ದಿನ ಅವ್ವ ಉಡಿ ತುಂಬುತ್ತಿದ್ದಳು. ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು, ಬಾಳೆಹಣ್ಣು. ಅಕ್ಕಿಯ ಕೆಳಗೆ ಮಡಿಸಿದ ನೋಟು ಇಡುತ್ತಿದ್ದಳು. ಕಬ್ಬಿಣದ ಟ್ರಂಕಿನಲ್ಲಿ ವರ್ಷವಿಡೀ ಕೂಡಿಟ್ಟ ದುಡ್ಡು ಅದು. ಉಡಿ ತುಂಬಿಸಿಕೊಂಡ ಅಕ್ಕ ಐದು ಕಾಳು ಅಕ್ಕಿಯನ್ನು ತಿರುಗಿ ಮೊರಕ್ಕೆ ಹಾಕುತ್ತಿದ್ದಳು. ತವರಿನಲ್ಲಿ ಕಾಳು ಉಳಿಯಲಿ ಅಂತ.

ಈಗ ನನ್ನ ಪ್ರಶ್ನೆಗಳು.

ಒಂದು, ಹಬ್ಬವನ್ನು ಊರಲ್ಲೇ ಮಾಡಬೇಕಾ, ಇಲ್ಲ ಹುಬ್ಬಳ್ಳಿಯ ಮನೆಗೇ ಅಕ್ಕನನ್ನು ಕರೆದರೆ ನಡೆಯುತ್ತದಾ? ನನ್ನ ಹೆಂಡತಿಗೂ ಕೆಲಸ ಇದೆ. ಊರಿನ ಮನೆ ಸ್ವಚ್ಛ ಮಾಡುವುದೇ ಎರಡು ದಿನದ ಕೆಲಸ. ಅಕ್ಕನ ಜೊತೆ ಅವಳು ಚೆನ್ನಾಗಿಯೇ ಇದ್ದಾಳೆ, ಆ ಚಿಂತೆ ಇಲ್ಲ.

ಎರಡು, ಕರೆಯಲು ಹೋಗುವ ವಿಷಯ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅಕ್ಕನೇ ಫೋನಿನಲ್ಲಿ, "ನೀ ಯಾಕ ಬರ್ತೀಯೋ, ನಾನೇ ಬಸ್ ಹತ್ತಿ ಬರ್ತೀನಿ" ಅಂದಳು. ಈ ಸಲ ಅಧಿಕ ಮಾಸ ಬಂದು ಪಂಚಮಿ ಆಗಸ್ಟ್ 17ಕ್ಕೆ ಬಿದ್ದಿದೆ. ಅವರ ಹೊಲದಲ್ಲಿ ಹೆಸರು ಬಿಡಿಸುವ ಹೊತ್ತು. ಬರುವುದೇ ಕಷ್ಟ ಅಂತಲೂ ಅನ್ನುತ್ತಿದ್ದಾಳೆ.

ಮೂರನೆಯದು ನನಗೆ ಜಾಸ್ತಿ ಸಂಕಟ ಕೊಡುತ್ತಿರುವುದು. ಹೊಲದ ಪಹಣಿಯಲ್ಲಿ ಇನ್ನೂ ಅವ್ವನ ಹೆಸರಿದೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಮಾಡಿಸಬೇಕು. ವಂಶಾವಳಿಯಲ್ಲಿ ಅಕ್ಕನ ಹೆಸರೂ ಬರುತ್ತದೆ. ಹಿರಿಯರೊಬ್ಬರು, "ಪಂಚಮಿಗೆ ಹೆಂಗೂ ಬರ್ತಾಳ, ಒಂದು ಛಲೋ ಸೀರಿ ಉಡಿಸಿ ಸಹಿ ಹಾಕಿಸಿಕೊಂಡುಬಿಡು" ಅಂದರು. ಆ ಮಾತು ಕೇಳಿದಾಗಿನಿಂದ ನನಗೆ ಹಬ್ಬದ ಮೇಲೇ ಮನಸ್ಸಿಲ್ಲ. ಅಕ್ಕನನ್ನು ಕೇಳಿದರೆ ಓದದೆಯೇ ಸಹಿ ಹಾಕುತ್ತಾಳೆ, ಅದು ನನಗೆ ಗೊತ್ತು. ಗೊತ್ತಿರುವುದರಿಂದಲೇ ಕೇಳಲು ಬಾಯಿ ಬರುತ್ತಿಲ್ಲ. ನೀವೆಲ್ಲ ಏನು ಮಾಡಿದಿರಿ?

ಗಜೇಂದ್ರಗಡದ ಚಿಗವ್ವ:

ತಮ್ಮಾ, ನಾನು ಅರವತ್ತು ದಾಟಿದವಳು. ಮಗನ ಫೋನಿನಲ್ಲಿ ಮಾತಾಡಿ ಬರೆಸುತ್ತಿದ್ದೇನೆ. ನೀನು ಕೇಳಿದ್ದನ್ನು ಓದಿಸಿಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಮೊದಲು ಕರೆಯುವ ಮಾತು. ಬಸ್ಸಿಗೆ ಟಿಕೆಟ್ ಇಲ್ಲ ಅಂದರೆ ಅಣ್ಣತಮ್ಮಂದಿರ ಕೆಲಸ ಮುಗಿಯಿತಾ? ಕರೆಯಲು ಬರುವುದು ದಾರಿ ತೋರಿಸುವುದಕ್ಕಲ್ಲ. ತವರಿನವರು ಹೊಸಿಲ ಮುಂದೆ ಬಂದು ನಿಂತರೆ ಗಂಡನ ಮನೆಯವರಿಗೆ ಒಂದು ವಿಷಯ ಗೊತ್ತಾಗುತ್ತದೆ. ಈಕೆಯ ಹಿಂದೆ ಜನ ಇದ್ದಾರೆ ಅಂತ. ಅತ್ತೆ ಎಷ್ಟೇ ಒಳ್ಳೆಯವಳಿರಲಿ, ಗಂಡ ಎಷ್ಟೇ ಪ್ರೀತಿ ಮಾಡಲಿ, ಆ ಒಂದು ದಿನ ನಮ್ಮ ಮುಖಕ್ಕೆ ಬೇರೆಯೇ ಕಳೆ ಬರುತ್ತದೆ. ನೀರಿನ ತಂಬಿಗೆ ಕೊಡುವಾಗ ಕೈ ನಡುಗುವಷ್ಟು ಖುಷಿ. ಅಕ್ಕ ಫೋನಿನಲ್ಲಿ ಬೇಡ ಅಂದಳಲ್ಲ, ನಾವು ಎಲ್ಲರೂ ಹಾಗೇ ಅನ್ನುತ್ತೇವೆ. ತಮ್ಮನಿಗೆ ತ್ರಾಸ ಆಗದಿರಲಿ ಅಂತ. ನೀನು ಹೋಗು.

ನನಗೆ ಅಣ್ಣಂದಿರು ಇದ್ದರು. ಅವ್ವ ಇರುವವರೆಗೆ ಪಂಚಮಿ ತಪ್ಪಿಸಲಿಲ್ಲ. ಅವ್ವ ಹೋದ ಮೇಲೆ ಒಂದು ವರ್ಷ ಬಿತ್ತನೆ ಅಂದರು, ಒಂದು ವರ್ಷ ಮಕ್ಕಳ ಸಾಲಿ ಅಂದರು. ಆಮೇಲೆ ಏನೂ ಅನ್ನಲಿಲ್ಲ. ಜಗಳ ಇರಲಿಲ್ಲ, ಹೊಲದ ಮಾತೂ ಇರಲಿಲ್ಲ. ಸುಮ್ನೆ ನಿಂತುಹೋಯಿತು. ಹಬ್ಬದ ದಿನ ನಾನು ನನ್ನ ಸೊಸೆಯ ಅಣ್ಣನಿಗೆ ಊಟ ಬಡಿಸುತ್ತಿದ್ದೆ, ಅವನು ತನ್ನ ತಂಗಿಯನ್ನು ಕರೆಯಲು ಬಂದಿದ್ದ. ಬಡಿಸುವಾಗ ನನ್ನ ಕಣ್ಣು ಅವನಿಗೆ ಕಾಣದಿರಲಿ ಅಂತ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಮುಂದೆ ಒಂದು ವರ್ಷ ದೊಡ್ಡಣ್ಣನ ಮಗ ಬಂದ. ಕಾಲೇಜು ಹುಡುಗ. ಬೈಕಿನಲ್ಲಿ ಬಂದು, "ಅತ್ತಿ, ನಡಿ, ರೊಟ್ಟಿ ಹಬ್ಬ ಐತಿ" ಅಂದ. ಯಾರು ಕಳಿಸಿದರು ಅಂದೆ. ಯಾರೂ ಕಳಿಸಿಲ್ಲ ಅಂದ. ಈಗ ಅವನೇ ಬರುತ್ತಾನೆ. ಅವನು ನನ್ನ ಪಾಲಿಗೆ ನನ್ನ ಅಪ್ಪ.

ಹಬ್ಬ ಎಲ್ಲಿ ಅಂದರೆ, ಊರಲ್ಲೇ ಮಾಡು. ಮೂರೇ ದಿನ ಆಗಲಿ, ಬೀಗ ತೆಗೆ. ಹುಬ್ಬಳ್ಳಿಯ ಮನೆ ನಿನ್ನದು. ಅಲ್ಲಿ ಅಕ್ಕ ಬೀಗರಂತೆ ಕುಳಿತುಕೊಳ್ಳುತ್ತಾಳೆ, ನೀರು ಕೂಡ ಕೇಳಿ ಕುಡಿಯುತ್ತಾಳೆ. ಊರಿನ ಮನೆಯಲ್ಲಿ ಅವಳಿಗೆ ಉಪ್ಪಿನ ಗಡಿಗೆ ಎಲ್ಲಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಹೆಣ್ಣುಮಕ್ಕಳು ತವರಿಗೆ ಹೋದ ಕೂಡಲೇ ಏನು ಮಾಡುತ್ತೇವೆ ಹೇಳು? ಅಡುಗೆಮನೆಗೆ ಹೋಗಿ ಗಡಿಗೆಯ ಮುಚ್ಚಳ ತೆಗೆದು ನೋಡುತ್ತೇವೆ. ಹಸಿವೆಗಲ್ಲ.

ಇನ್ನೊಂದು ಮಾತು. ಸ್ವಚ್ಛ ಮಾಡುವುದು, ಉಂಡಿ ಕಟ್ಟುವುದು ಎಲ್ಲ ನಿನ್ನ ಹೆಂಡತಿಯ ತಲೆಗೆ ಕಟ್ಟಬೇಡ. ಅವಳಿಗೂ ಒಂದು ತವರಿದೆ, ಅವಳನ್ನೂ ಯಾರೋ ಕರೆಯಲು ಬರುತ್ತಾರೆ. ಪಂಚಮಿಗೆ ನೀನು ನಿನ್ನ ಅಕ್ಕನನ್ನು ಕರೆದು ಹೆಂಡತಿಯನ್ನು ಒಲೆಯ ಮುಂದೆ ಕೂರಿಸಿದರೆ, ಆ ಉಂಡಿ ಅಕ್ಕನಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಮೊದಲೇ ಮಾತಾಡಿಕೊಳ್ಳಿ. ರೊಟ್ಟಿ ಹಬ್ಬ ನಿಮ್ಮಲ್ಲಿ, ಪಂಚಮಿ ಅವಳ ತವರಲ್ಲಿ ಅಂತಾದರೂ ಮಾಡಿ.

ಅವ್ವನ ಹಳೆಯ ಸೀರೆಗಳು ಇದ್ದರೆ ಅವನ್ನು ಸೇರಿಸಿ ಹೊದೆಯುವ ಕೌದಿ ಹೊಲಿಸಿ ಅಕ್ಕನಿಗೆ ಕೊಡು. ಹೊಸ ಇಳಕಲ್ ಸೀರೆಗಿಂತ ಅದನ್ನು ಹೆಚ್ಚು ಜೋಪಾನ ಮಾಡುತ್ತಾಳೆ. ಸಹಿಯ ವಿಷಯ ತಿಳಿದವರು ಹೇಳಲಿ. ನಾನು ಇಷ್ಟೇ ಹೇಳುತ್ತೇನೆ, ಉಡಿ ತುಂಬುವ ದಿನ ಕಾಗದ ಹೊರಗೆ ತೆಗೆಯಬೇಡ.

ಕರಿಕೋಟು:

ಧಾರವಾಡದಲ್ಲಿ ವಕೀಲೆ ಆಗಿದ್ದೇನೆ. ಮನೆತನದ ಆಸ್ತಿ ವ್ಯಾಜ್ಯಗಳನ್ನೇ ಹೆಚ್ಚು ನೋಡುತ್ತೇನೆ. ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರ ಬರೆಯುತ್ತೇನೆ.

ನಿಮ್ಮ ಅಕ್ಕನ ಹಕ್ಕು ಹೊಸದಾಗಿ ಹುಟ್ಟಿದ್ದಲ್ಲ. ಕರ್ನಾಟಕ ತನ್ನದೇ ತಿದ್ದುಪಡಿ ತಂದು, 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟಿತು. ಅದಕ್ಕೂ ಮೊದಲು ಮದುವೆಯಾದವರನ್ನು ಮಾತ್ರ ಆ ಕಾನೂನು ಹೊರಗಿಟ್ಟಿತ್ತು. ನಿಮ್ಮ ಅಕ್ಕನ ಮದುವೆ 1996ರಲ್ಲಿ ಆಗಿದೆ. ಅಂದರೆ ಆಗಿನ ರಾಜ್ಯದ ಕಾನೂನಿನಲ್ಲೇ ಅವರು ಒಳಗಿದ್ದರು. ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು. ಮದುವೆಯಾದವರು, ಆಗದವರು ಅನ್ನುವ ಭೇದ ಹೋಯಿತು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೆ ಏನು ಅನ್ನುವ ಗೊಂದಲ ಬಹಳ ವರ್ಷ ಇತ್ತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಅದನ್ನು ಬಗೆಹರಿಸಿತು. ಹಕ್ಕು ಹುಟ್ಟಿನಿಂದ ಬರುತ್ತದೆ, 2005ರ ಆ ದಿನ ತಂದೆ ಬದುಕಿರಬೇಕು ಅಂತೇನಿಲ್ಲ. ಇನ್ನು ತಾಯಿಯ ಪಾಲು. ಅವರು ಉಯಿಲು ಬರೆದಿಲ್ಲದಿದ್ದರೆ ಅದು ಮಗನಿಗೂ ಮಗಳಿಗೂ ಸಮನಾಗಿ ಬರುತ್ತದೆ. ಯಾರಿಗೆ ಎಷ್ಟು ಅನ್ನುವುದನ್ನು ಹೊಲದ ಹಳೆಯ ಕಾಗದ ನೋಡಿಯೇ ಹೇಳಬೇಕು.

ಪೌತಿ ಖಾತೆಗೆ ಅಕ್ಕ ಹಕ್ಕು ಬಿಡಲೇಬೇಕು ಅಂತ ಯಾರಾದರೂ ಹೇಳಿದ್ದರೆ ಅದು ಸರಿಯಲ್ಲ. ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ಖಾತೆ ಮಾಡಿಸಬಹುದು. ಪಹಣಿಯಲ್ಲಿ ಹೆಸರು ಇಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ, ಅದು ಕಂದಾಯದ ದಾಖಲೆ. ಅಕ್ಕ ತಾವಾಗಿ ಬಿಟ್ಟುಕೊಡುತ್ತೇನೆ ಅಂದರೆ ಅದಕ್ಕೆ ಹಕ್ಕು ಬಿಡುಗಡೆ ಪತ್ರ ಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಬಾಯಿಮಾತು ಸಾಲದು.

ಇನ್ನು ವಕೀಲೆಯಾಗಿ ಅಲ್ಲ, ನಿತ್ಯ ಇದನ್ನೇ ನೋಡುವವಳಾಗಿ ಒಂದು ಮಾತು. ನನ್ನ ಹತ್ತಿರ ಬರುವ ಅಕ್ಕತಂಗಿಯರಲ್ಲಿ ಹೆಚ್ಚಿನವರು ಎಕರೆಯ ಲೆಕ್ಕದಿಂದ ಮಾತು ಶುರು ಮಾಡುವುದಿಲ್ಲ. ಯಾವ ಹಬ್ಬಕ್ಕೆ ಕರೆಯಲಿಲ್ಲ, ಯಾವ ಮದುವೆಯ ಪತ್ರದಲ್ಲಿ ಹೆಸರು ಹಾಕಿಸಲಿಲ್ಲ ಅನ್ನುವುದರಿಂದ ಶುರು ಮಾಡುತ್ತಾರೆ. ಸಹಿಯನ್ನು ಹಬ್ಬದ ಗದ್ದಲದಲ್ಲಿ ಕೇಳಿದ್ದರು, ಏನು ಅಂತ ಹೇಳಲಿಲ್ಲ ಅನ್ನುವ ಮಾತು ಬಹಳ ಸಲ ಕೇಳಿದ್ದೇನೆ. ನೀವು ಅಕ್ಕನ ಮನೆಗೆ ಬೇರೆ ದಿನ ಹೋಗಿ. ಭಾವನವರೂ ಇರಲಿ. ಕಾಗದ ಓದಿ ಹೇಳಿ. "ಇದು ನಿನ್ನ ಪಾಲು, ಏನು ಮಾಡೋಣ ಹೇಳು" ಅಂತ ಕೇಳಿ. ಅವರು ತಕ್ಷಣ ಬೇಡ ಅಂದರೂ ಆರು ತಿಂಗಳು ಬಿಟ್ಟು ಮತ್ತೆ ಕೇಳಿ. ಮೊದಲ ಸಲದ ಬೇಡ ಅನ್ನುವುದು ಸಂಕೋಚದ್ದು ಇರಬಹುದು.

ಮಲ್ಲಿಗೆಬಳ್ಳಿ:

ಮೈಸೂರಿನವಳು, ಈಗ ಸಿಂಗಪುರದಲ್ಲಿ ಇದ್ದೇನೆ. ಚಿಗವ್ವನವರ ಮಾತು ಓದಿ ಕಣ್ಣು ತುಂಬಿತು. ಆದರೆ ಒಂದು ವಿಷಯಕ್ಕೆ ನನ್ನ ತಕರಾರು ಇದೆ. ಎದುರು ಬಂದು ನಿಲ್ಲುವುದು ಎಲ್ಲರಿಗೂ ಆಗುವುದಿಲ್ಲ. ಆಗದವರ ಅಕ್ಕರೆ ಕಡಿಮೆ ಅಲ್ಲ.

ನನ್ನ ತಮ್ಮ ಮೈಸೂರಿನಲ್ಲಿದ್ದಾನೆ. ಗೌರಿ ಹಬ್ಬಕ್ಕೆ ಅಮ್ಮ ಇರುವಾಗ ಮೊರದ ಬಾಗಿನ ಮಾಡುತ್ತಿದ್ದರು. ಬಿದಿರಿನ ಮೊರಕ್ಕೆ ಅರಿಶಿನ ಹಚ್ಚಿ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಅಕ್ಕಿ, ಬೇಳೆ, ಬೆಲ್ಲದ ಅಚ್ಚು, ತೆಂಗಿನಕಾಯಿ, ರವಿಕೆ ಕಣ ಇಟ್ಟು ಇನ್ನೊಂದು ಮೊರ ಮುಚ್ಚುತ್ತಿದ್ದರು. ಅಮ್ಮ ಹೋದ ಮೇಲೆ ತಮ್ಮ ಅರಿಶಿನ ಕುಂಕುಮದ ದುಡ್ಡು ಫೋನಿನಲ್ಲಿ ಕಳಿಸುತ್ತಾನೆ. ಐನೂರ ಒಂದು ರೂಪಾಯಿ. ಅದಕ್ಕಿಂತ ಹೆಚ್ಚು ಕಳಿಸಬೇಡ ಅಂದಿದ್ದೇನೆ, ಯಾಕೆಂದರೆ ಅಮ್ಮ ಕೊಡುತ್ತಿದ್ದುದು ಅಷ್ಟು. ದುಡ್ಡಿನ ಜೊತೆ ಒಂದು ಸಾಲು ಬರೆಯುತ್ತಾನೆ, "ಅಮ್ಮ ಕೊಟ್ಟಿದ್ದಾರೆ, ಬಳೆ ತೊಟ್ಟುಕೋ". ಅದನ್ನು ಖರ್ಚು ಮಾಡಲು ಇಲ್ಲಿನ ಸೆರಂಗೂನ್ ರಸ್ತೆಗೆ ಹೋಗಿ ಬಳೆ ತೊಟ್ಟುಕೊಂಡು ಬರುತ್ತೇನೆ. ಅವನು ಬಂದಿಲ್ಲ ಅಂತ ನನಗೆ ಒಂದು ದಿನವೂ ಅನಿಸಿಲ್ಲ.

ನಮ್ಮ ಕಡೆ ಭೀಮನ ಅಮಾವಾಸ್ಯೆಗೆ ಭಂಡಾರ ಒಡೆಯುವುದು ಅಂತ ಇದೆ. ಕಡುಬಿನೊಳಗೆ ನಾಣ್ಯ ಇಟ್ಟು ಹೊಸಿಲ ಮೇಲೆ ಇಡುತ್ತೇವೆ. ಅಣ್ಣನೋ ತಮ್ಮನೋ ಮೊಣಕೈಯಿಂದ ಗುದ್ದಿ ಒಡೆಯಬೇಕು. ಚಿಕ್ಕವರಿದ್ದಾಗ ತಮ್ಮ ಎಷ್ಟು ಗುದ್ದಿದರೂ ಒಡೆಯುತ್ತಿರಲಿಲ್ಲ, ನಾನು ಮೊದಲೇ ಬೆರಳಿನಿಂದ ಸ್ವಲ್ಪ ಬಿರುಕು ಬಿಡಿಸಿ ಇಡುತ್ತಿದ್ದೆ. ಈಗ ಅಲ್ಲಿ ಅವನ ಹೆಂಡತಿ ಕಡುಬು ಮಾಡುತ್ತಾಳೆ, ಇಲ್ಲಿ ನಾನು ಮಾಡುತ್ತೇನೆ. ವಿಡಿಯೋ ಕಾಲಿನಲ್ಲಿ ಅವನು ಅಲ್ಲಿ ಒಡೆಯುತ್ತಾನೆ, ನನ್ನ ಮಗ ಇಲ್ಲಿ ಒಡೆಯುತ್ತಾನೆ. ಮಗನಿಗೆ ತಂಗಿ ಇಲ್ಲ, ಆದರೂ ಅವನು ಒಂದು ವರ್ಷವೂ ಬಿಡುವುದಿಲ್ಲ.

ನಿಮಗೆ ಹೋಗಲು ಆಗುತ್ತದೆ ಅಂದರೆ ಖಂಡಿತ ಹೋಗಿ. ರೋಣದಿಂದ ನವಲಗುಂದ ಎಷ್ಟು ದೂರ! ಆದರೆ ಯಾವುದೋ ವರ್ಷ ಆಗದಿದ್ದರೆ ಅಲ್ಲಿಗೇ ಬಿಟ್ಟುಬಿಡಬೇಡಿ. ಫೋನು, ದುಡ್ಡು, ಪಾರ್ಸೆಲ್, ಯಾವುದಾದರೂ ಸರಿ, ಅಕ್ಕನ ಹೆಸರಿನಲ್ಲಿ ಏನಾದರೂ ಹೋಗಲಿ.

ಎರೆಹೊಲ:

ಚಿಗವ್ವ, ನಿಮ್ಮ ಅಣ್ಣನ ಮಗನ ಮಾತು ಓದಿ ನನ್ನ ಮಗನಿಗೂ ಓದಿ ಹೇಳಿದೆ. ಒಂಬತ್ತನೇ ಕ್ಲಾಸು. "ನಾನೂ ಬರ್ತೀನಿ ಅತ್ತಿನ್ನ ಕರೆಯೋಕೆ" ಅಂದ.

ಕರಿಕೋಟು ಅವರೇ, 1994ರ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಸಂಶಯ. ಜಂಟಿ ಖಾತೆ ಮಾಡಿದರೆ ಮುಂದೆ ಅಕ್ಕನ ಮಕ್ಕಳು, ನನ್ನ ಮಕ್ಕಳು ಜಗಳಕ್ಕೆ ಬೀಳುತ್ತಾರೆ, ಈಗಲೇ ಕತ್ತರಿಸಿಬಿಡುವುದು ಒಳ್ಳೆಯದು ಅಂತ ಅದೇ ಹಿರಿಯರು ಹೇಳುತ್ತಿದ್ದಾರೆ. ಪಾಲು ಅಂತ ಬಂದರೆ ಪ್ರೀತಿ ಹೋಗುತ್ತದೆ ಅನ್ನುವುದು ಅವರ ಮಾತು. ಅದರಲ್ಲಿ ಏನಾದರೂ ನಿಜ ಇದೆಯಾ?

ಕರಿಕೋಟು:

ಜಗಳದ ಭಯ ಇದ್ದರೆ ಅದಕ್ಕೆ ದಾರಿ ಅಕ್ಕನ ಹೆಸರು ತೆಗೆಯುವುದಲ್ಲ. ನೀವಿಬ್ಬರೂ ಗಟ್ಟಿಯಾಗಿರುವಾಗಲೇ ಯಾವ ಭಾಗ ಯಾರದು ಅಂತ ಪಾಲುಪತ್ರ ಬರೆದು ನೋಂದಣಿ ಮಾಡಿಸಿ. ಅಥವಾ ಅಕ್ಕನ ಪಾಲಿನ ಬೆಲೆ ಕಟ್ಟಿ ಅವರಿಗೆ ಕೊಡಿ. ಎರಡೂ ನಡೆಯುತ್ತವೆ. "ಪಾಲು ಕೇಳಿದರೆ ತವರು ಹೋಗುತ್ತದೆ" ಅಂತ ಹೆಣ್ಣುಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಎಷ್ಟೋ ಜನ ಅಕ್ಕಂದಿರು ಆ ಒಂದು ಭಯಕ್ಕೇ ಸಹಿ ಹಾಕಿದ್ದಾರೆ. ಭಯದಿಂದ ಹಾಕಿದ ಸಹಿಯನ್ನು ಪ್ರೀತಿ ಅಂತ ಕರೆಯುವುದು ನನಗೆ ಒಪ್ಪಿಗೆ ಇಲ್ಲ. ನೀವು ಹಾಗೆ ಮಾಡುವವರಲ್ಲ, ಆದರೆ ನಿಮ್ಮ ಹಿರಿಯರ ಮಾತು ಅಲ್ಲಿಗೇ ಹೋಗುತ್ತದೆ.

ಮೂಲ್ಕಿಯವಳು:

ನಮ್ಮ ತುಳುನಾಡಿನ ಕಡೆಯದೂ ಒಂದು ಮಾತು ಸೇರಿಸುತ್ತೇನೆ. ನಮ್ಮದು ಅಳಿಯಸಂತಾನದ ಕುಟುಂಬ. ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ. ಮದುವೆಯಾದ ಹೆಣ್ಣು ಎಲ್ಲೇ ಇರಲಿ, ತಾಯಿಯ ಕುಟುಂಬದ ಮನೆ ಅವಳದೇ, ಅವಳ ಮಕ್ಕಳದೇ. ಹಳೆಯ ಕಾಲದಲ್ಲಿ ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ನನ್ನ ಅಜ್ಜಿಗೆ ತವರು ತಪ್ಪುತ್ತದೆ ಅನ್ನುವ ಭಯವೇ ಗೊತ್ತಿರಲಿಲ್ಲ.

ಹಾಗಂತ ನಮ್ಮಲ್ಲಿ ಜಗಳ ಇರಲಿಲ್ಲ ಅಂತಲ್ಲ. 1949ರ ಅಳಿಯಸಂತಾನ ಕಾಯ್ದೆ ಬಂದು ಕವರುಗಳು, ಅಂದರೆ ಕುಟುಂಬದ ಕವಲುಗಳು, ಪಾಲು ಕೇಳಬಹುದು ಅಂತ ಆದ ಮೇಲೆ, ಆಮೇಲೆ 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಎಷ್ಟೋ ಕುಟುಂಬಗಳು ಕೋರ್ಟು ಹತ್ತಿದವು. ನಮ್ಮದೂ ಹತ್ತಿತು. ಅಜ್ಜಿ ಮತ್ತು ಅವರ ಅಣ್ಣ ಎದುರು ಬದುರು ಕಕ್ಷಿಗಾರರು. ಆದರೆ ಕುಟುಂಬದ ಮನೆಯಲ್ಲಿ ದೈವಕ್ಕೆ ವರ್ಷಕ್ಕೊಮ್ಮೆ ತಂಬಿಲ ನಡೆಯುತ್ತದೆ. ಅದಕ್ಕೆ ಇಬ್ಬರೂ ಬರಲೇಬೇಕು. ಕೇಸು ನಡೆಯುತ್ತಿದ್ದ ವರ್ಷಗಳಲ್ಲೂ ಅಜ್ಜಿ ಅಣ್ಣನಿಗೆ ಎಲೆ ಹಾಕಿ ಬಡಿಸುತ್ತಿದ್ದರಂತೆ. ಮಾತಿಲ್ಲ, ಆದರೆ ಅಣ್ಣನಿಗೆ ಇಷ್ಟ ಅಂತ ಪತ್ರೊಡೆಯ ಎರಡು ತುಂಡು ಹೆಚ್ಚು. ಕೇಸು ಮುಗಿಯಿತು. ಮಾತು ತಿರುಗಿ ಬಂತು.

ಪಾಲು ಅಂತ ಬಂದರೆ ಪ್ರೀತಿ ಹೋಗುತ್ತದಾ ಅಂತ ಕೇಳಿದಿರಲ್ಲ, ಅದಕ್ಕೇ ಇದನ್ನು ಬರೆದೆ. ಎಲ್ಲರೂ ಸೇರುವ ಒಂದು ದಿನ ಇರಬೇಕು. ಆ ದಿನವನ್ನು ಯಾವ ಕಾರಣಕ್ಕೂ ಬಿಡಬಾರದು. ನಿಮಗೆ ಪಂಚಮಿ ಇದೆಯಲ್ಲ.

ಎರೆಹೊಲ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಏನು ಅಂದುಕೊಂಡಿದ್ದೇವೆ ಅಂತ ಬರೆಯುತ್ತೇನೆ.

ಹಬ್ಬ ಊರಲ್ಲೇ. ಆಗಸ್ಟ್ 15 ಶನಿವಾರ, ಅವತ್ತೇ ತದಿಗೆ, ರಜೆಯೂ ಇದೆ. ಹಿಂದಿನ ವಾರವೇ ನಾನು, ಮಗ ಹೋಗಿ ಮನೆ ತೆಗೆದು ಸುಣ್ಣ ಬಳಿಯುತ್ತೇವೆ. ಶುಕ್ರವಾರ ನವಲಗುಂದಕ್ಕೆ ಹೋಗಿ ಅಕ್ಕನನ್ನು ಕರೆತರುವುದು. ಹೆಸರುಕಾಯಿ ಬಿಡಿಸುವ ಚಿಂತೆ ಇತ್ತಲ್ಲ, ಭಾವನಿಗೆ ಫೋನ್ ಮಾಡಿದೆ. ಎರಡು ಆಳು ಜಾಸ್ತಿ ಹಚ್ಚುತ್ತೇನೆ, ಕರಕೊಂಡು ಹೋಗಪ್ಪಾ, ಹೋದ ವರ್ಷವೆಲ್ಲ ಆಕೆ ಮಂಕಾಗಿದ್ದಳು ಅಂದರು. ನನ್ನ ಹೆಂಡತಿ ಚೌತಿಯ ಸಂಜೆ ತನ್ನ ತವರಿಗೆ ಹೋಗುತ್ತಾಳೆ, ಅವಳ ಅಣ್ಣ ಊರಿಗೇ ಬಂದು ಕರೆದೊಯ್ಯುತ್ತಾನೆ. ಪಂಚಮಿಯ ದಿನ ಅಡುಗೆ ನಾನು, ಅಕ್ಕ, ಮಗ. ಉಡಿ ತುಂಬುವುದು ಮನೆಯ ಹೆಣ್ಣುಮಗಳ ಕೈಯಿಂದ ಆಗಬೇಕು ಅಂತ ಇದೆ. ನನ್ನ ಹೆಂಡತಿ ಹೊರಡುವ ಮೊದಲು ತಾನೇ ಅಕ್ಕನ ಉಡಿ ತುಂಬುತ್ತೇನೆ ಅಂದಿದ್ದಾಳೆ. ಅಕ್ಕಿಯ ಕೆಳಗೆ ನೋಟು ಇಡಬೇಕು ಅನ್ನುವುದು ಅವಳಿಗೆ ಗೊತ್ತಿತ್ತು. ಅವ್ವ ಹೇಳಿಕೊಟ್ಟಿದ್ದಳಂತೆ.

ಕೌದಿಗೆ ಸೀರೆ ಹುಡುಕಿದೆ. ಟ್ರಂಕಿನಲ್ಲಿ ಅವ್ವನ ಆರು ಸೀರೆ ಇವೆ. ಓಣಿಯ ಕೊನೆಯ ಮನೆಯ ಅಜ್ಜಿ ಹೊಲಿದು ಕೊಡುತ್ತೇನೆ ಅಂದಿದ್ದಾರೆ.

ಹೊಲದ ವಿಷಯ ದೀಪಾವಳಿ ಆದ ಮೇಲೆ. ಅಕ್ಕನ ಮನೆಗೇ ಹೋಗಿ ಕೂತು ಮಾತಾಡುತ್ತೇನೆ. ಖಾತೆ ಜಂಟಿಯಾಗಿಯೇ ಮಾಡಿಸುವುದು ಅಂತ ನಾವಿಬ್ಬರೂ, ಗಂಡ ಹೆಂಡತಿ, ತೀರ್ಮಾನ ಮಾಡಿದ್ದೇವೆ. ಅಕ್ಕ ಬೈಯುತ್ತಾಳೆ, ಬೈಯಲಿ. ಹಿರಿಯರಿಗೂ ಹೇಳಿದೆ. ಅವರಿಗೆ ಇಷ್ಟ ಆಗಿಲ್ಲ, ಆದರೂ ರೊಟ್ಟಿ ಹಬ್ಬಕ್ಕೆ ಊಟಕ್ಕೆ ಬರುತ್ತಾರೆ.

ಚಿಗವ್ವ, ಕೊನೆಯದಾಗಿ ಒಂದು ಸಹಾಯ. ಶೇಂಗಾ ಉಂಡಿ ನಾನೇ ಮಾಡಬೇಕು. ಪಾಕ ಹಿಡಿಯಲು ನನಗೆ ಬರುವುದಿಲ್ಲ. ಅಕ್ಕ ಬರುವ ಮೊದಲೇ ಡಬ್ಬಿ ತುಂಬಿರಬೇಕು ಅಂತ ಆಸೆ.

ಗಜೇಂದ್ರಗಡದ ಚಿಗವ್ವ:

ಪಾಕದ ಗೊಡವೆಯೇ ಬೇಡ ತಮ್ಮಾ. ಹಳೆಯ ಪದ್ಧತಿ ಹೇಳುತ್ತೇನೆ. ಎರಡು ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರಿ. ಅವಸರ ಮಾಡಿದರೆ ಹೊರಗೆ ಕರಿ, ಒಳಗೆ ಹಸಿ ಆಗುತ್ತದೆ. ಬಿಸಿ ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆ. ಒರಳಿನಲ್ಲಿ ಹಾಕಿ ಕುಟ್ಟು. ತೀರಾ ಹಿಟ್ಟು ಮಾಡಬೇಡ, ಹಲ್ಲಿಗೆ ಸಿಗುವಂತೆ ಇರಲಿ. ಒಂದು ಬಟ್ಟಲು ಬೆಲ್ಲ ಹೆರೆದು ಅದರಲ್ಲೇ ಹಾಕಿ ಮತ್ತೆ ಕುಟ್ಟು. ಎರಡು ಯಾಲಕ್ಕಿ ಸೇರಿಸು. ಶೇಂಗಾದ ಎಣ್ಣೆ ಬಿಟ್ಟು ಅದೇ ಅಂಟಿಕೊಳ್ಳುತ್ತದೆ. ಬೆಲ್ಲ ಜಿಗುಟಾಗಿರಬೇಕು, ಹಳೆಯ ಒಣ ಬೆಲ್ಲ ಆದರೆ ಉಂಡಿ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಒಂದು ಚಮಚ ತುಪ್ಪ ಹಾಕಿ ಕಟ್ಟು. ಮಿಕ್ಸಿಯಲ್ಲಿ ಮಾಡಿದರೆ ಬಿಟ್ಟು ಬಿಟ್ಟು ತಿರುಗಿಸು, ಇಲ್ಲದಿದ್ದರೆ ಮುದ್ದೆ ಆಗುತ್ತದೆ. ಡಬ್ಬಿಯಲ್ಲಿ ಹದಿನೈದು ದಿನ ಕೆಡುವುದಿಲ್ಲ, ಅಕ್ಕ ಹೋಗುವಾಗ ಕಟ್ಟಿಕೊಡಲಿಕ್ಕೂ ಇರಲಿ. ಐದು ಬಟ್ಟಲಿನದು ಮಾಡು.